ಎರಡು ಗೀರಿನ ನಡುವಿನ ಅಂತರ

ನಾ ಹಿಡಿದ ಕೆಲಸಕ್ಕ ವಿಘ್ನ ಬರಲಿಲ್ಲಂದ್ರ ನನಗ ಅನುಮಾನ ಬರತೈತಿ. ಬಾಗಲಕೋಟಿ ಸಾಲ್ಯಾಗ ನಾ ವಿಜ್ಞಾನದ ಮಾಸ್ತರ. ತಪಾಸಣಿಗೆ ಬರೋ ಸಾಹೇಬರು ನನ್ನ ಪ್ರಯೋಗ ಮೆಚ್ಚಿದ್ರ ವಿಜ್ಞಾನದ ವರ್ಗ ಉಳೀತೈತಿ. ಇಲ್ಲಾಂದ್ರ ನಾ ಬಿನ್ನೆತ್ತಿ ಹುಡುಗರಿಗೆ ಅ ಆ ತಿದ್ದಿಸಬೇಕು.

ಪ್ರಯೋಗ ಹೇಳಾಕ ಸರಳ. ಗಾಜಿಗೆ ದೀಪದ ಮಸಿ ಹಿಡಿಸಿ, ಸೂಜಿಲೆ ಒತ್ತೊತ್ತಾಗಿ ಎರಡು ಗೀರು ಎಳಿಯೂದು. ಕತ್ತಲಕೋಲಿ ಕಿಡಕಿಯ ಸಣ್ಣ ಕಂಡಿಯಿಂದ ಅದರ ಮ್ಯಾಲ ಬಿಸಿಲು ಬಿಟ್ರ, ಎರಡೂ ಗೀರಿನ ಬೆಳಕು ಕೂಡಿ ದೂರದ ಬಿಳಿ ಅರಿವಿ ಮ್ಯಾಲ ಬೆಳಕು-ಕತ್ತಲಿ ಪಟ್ಟಿ ಮೂಡತಾವು. ಆ ಪಟ್ಟಿ ಅಳದು ಲೆಕ್ಕಾ ಮಾಡಿದ್ರ ಗೀರುಗಳ ನಡುವಿನ ಅಂತರ ಸಿಗತೈತಿ; ಪಟ್ಟಿ ಒತ್ತೊತ್ತಾಗಿದ್ದಷ್ಟೂ ಆ ಅಂತರ ಹೆಚ್ಚು. ಸಿಗಬೇಕು.

೧. ಮಸಿ

ಮೊದಲನೇ ಗಾಜು ಮನ್ಯಾಗ ಮಾಡಿಟ್ಟಿದ್ದೆ. ಮುಂಜಾನೆ ಎದ್ದು ನೋಡಿದ್ರ ಫಳಫಳ ಹೊಳೀತಿತ್ತು.

"ಇದನ್ಯಾರು ತೊಳದ್ರು?"

"ನಾನರಿ. ಕಂದೀಲ ಗಾಜು ತಿಕ್ಕೋಮುಂದ ಇದನ್ನೂ ತಿಕ್ಕಿದೆ," ಅಂದ್ಲು ಮನಿಯಾಕಿ. "ಯಾರೋ ಎರಡು ಗೀರು ಬ್ಯಾರೆ ಹಾಕಿದ್ರು ನೋಡ್ರಿ, ಬೂದಿ ಹಚ್ಚಿ ತಿಕ್ಕಿದ ಮ್ಯಾಲ ಅವೂ ಹೋದ್ವು."

೨. ದಡಿ

ಎರಡನೇ ಗಾಜು ಸಾಲ್ಯಾಗ ಮಾಡಿದೆ. ಪಟ್ಟಿ ಮೂಡಿದ್ವು. ಅಚ್ಚುಕಟ್ಟಾಗಿ ಬರಲಿ ಅಂತ, ಅರಿವಿ ಮ್ಯಾಲ ಪೆನ್ಸಿಲ್‌ಲೆ ಅವನ್ನ ಗುರುತು ಮಾಡಾಕ ಚಿತ್ರದ ಮಾಸ್ತರಿಗೆ ಹೇಳಿದೆ. ಅವರು ಇಲಕಲ್ಲ ಸೀರಿ ನೇಯೋ ಮನಿತನದವರು.

ಲೆಕ್ಕಾ ಮಾಡಿದ್ರ ಎರಡು ಗೀರಿನ ನಡುವ ಸಾಸಿವಿಕಾಳು ಹಾದು ಹೋಗುವಷ್ಟು ಅಂತರ ಬಂತು. ತಲಿ ಕೆಟ್ಟುಹೋತು. ಕಡೀಕ ಅವರನ್ನ ಕೇಳಿದೆ.

"ಇದ್ದ ಪಟ್ಟಿ ಅಷ್ಟ ಬರದ್ರ ಬೋಳು ಕಾಣತಿತ್ರಿ," ಅಂದ್ರು. "ನಡುನಡುವ ನಾನ ನಾಕು ನಾಕು ಎಳಿ ತುಂಬೇನಿ. ಈಗ ನೋಡ್ರಿ, ದಡಿ ಹೆಂಗ ಎದ್ದು ಬಂತು."

ಆ ಅರಿವಿ ನಮ್ಮ ಮನಿಯಾಕಿಗೆ ಭಾಳ ಮನಸಿಗೆ ಬಂತು.

೩. ಕಂಡಿ

ಸಾಹೇಬರು ಬಂದ ದಿವಸ ಮುಂಜಾನೆ ಪಟ್ಟಿ ಹಿಂದೆಂದೂ ಮೂಡದಷ್ಟು ಚಂದ ಮೂಡಿದ್ವು. ದೇವರು ಕಣ್ಣು ತೆರದ ಅಂದ್ಕೊಂಡೆ. ಅವರನ್ನ ಒಳಗ ಕರದು ಬಾಗಿಲಾ ಹಾಕಿ "ನೋಡ್ರಿ ಸಾಹೇಬರ" ಅಂದೆ.

ಅರಿವಿ ಮ್ಯಾಲ ಏನೂ ಇಲ್ಲ. ಗಾಜು ತಿರುವಿದೆ, ಅರಿವಿ ಜಗ್ಗಿದೆ. ಕಂಡಿ ಒಮ್ಮೆ ಬೆಳಗತಿತ್ತು, ಒಮ್ಮೆ ಆರತಿತ್ತು. ಹೊರಗ ಮ್ವಾಡ ಮುಚ್ಚಿರಬೇಕು ಅಂದ್ಕೊಂಡೆ. ಅಳು ಒಂದ ಬಾಕಿ ಇತ್ತು.

"ಸಾಕು ಬಿಡ್ರಿ ಮಾಸ್ತರ. ನಾಳಿಂದ ಸಣ್ಣ ಹುಡುಗರಿಗೆ ಕಲಿಸ್ರಿ," ಅಂದು ಸಾಹೇಬರು ಹೋಗೇ ಬಿಟ್ರು.

ನಾ ಹಿತ್ತಲಕ್ಕ ಓಡಿದೆ. ಬಿಸಿಲು ಅಂದ್ರ ಬೆಂಕಿ. ಕಿಡಕಿ ಮುಂದ ಅರ್ಧ ಊರು ಪಾಳಿ ಹಚ್ಚಿ ನಿಂತಿತ್ತು, ಸಾಹೇಬರು ಹೆಂಗದಾರ ನೋಡಾಕ. ಎಲ್ಲಾರಿಗಿಂತ ಮುಂದ ರುಮಾಲ ಸರಿಸಿಕೊಂಡು, ಕಂಡಿಗೆ ಕಣ್ಣು ಹಚ್ಚಿ ನಿಂತವರು ನಮ್ಮ ಹೆಡ್‌ಮಾಸ್ತರು.

ಕಣ್ಣು ತಗೀಲಾರದ ಕೇಳಿದ್ರು: "ಒಳಗ ಬರೇ ಕತ್ತಲಿ ಐತಲ್ರಿ ಮಾಸ್ತರ. ನಿಮ್ಮ ಬೆಳಕಿನ ಪ್ರಯೋಗ ಯಾವಾಗ ಸುರು ಮಾಡ್ತೀರಿ?"