ಪರಿಪೂರ್ಣ ಸಂಖ್ಯೆಯ ಬಸ್ಸು

ದೊಡ್ಡ ಸಂಖ್ಯೆಗಳ ಗುಣ ವಿವರಿಸಲು ಹೋಗಿ ನಾನು ಪೆಚ್ಚಾದದ್ದು ಒಂದೆರಡು ಸಲವಲ್ಲ. ಗಣಿತದ ಮೇಷ್ಟ್ರಾಗಿ ಹಾಸನದ ಸುತ್ತ ಅಲೆದ ಆ ವರ್ಷಗಳಲ್ಲಿ ಊರು ಬದಲಾಯಿತೇ ಹೊರತು ನನ್ನ ಹಣೆಬರಹ ಬದಲಾಗಲಿಲ್ಲ.

೧. ಹದಿನೆಂಟು ಅಂಕಿ

ಅರಕಲಗೂಡಿನ ನನ್ನ ತರಗತಿಯಲ್ಲಿ ನನಗಿಂತ ದಪ್ಪ ಮೀಸೆಯ ವಿದ್ಯಾರ್ಥಿಯೊಬ್ಬನಿದ್ದ. ಹಲಗೆಯ ತುಂಬ ಹದಿನೆಂಟು ಅಂಕಿಯ ಸಂಖ್ಯೆ ಬರೆದು, "ಇದು ಸಮವೋ ಬೆಸವೋ, ಹೇಳು" ಎಂದೆ. ಪುಣ್ಯಾತ್ಮ ಎಡತುದಿಯಿಂದ ಎರಡರಲ್ಲಿ ಭಾಗಿಸುತ್ತಾ ಹೊರಟ. ಸೀಮೆಸುಣ್ಣ ಸವೆಯಿತು, ನನ್ನ ತಾಳ್ಮೆಯೂ ಸವೆಯಿತು.

"ಲೋ, ಕೊನೇ ಅಂಕಿ ಒಂದನ್ನ ನೋಡಿದ್ರೆ ಸಾಕು ಕಣೋ! ಅದು ಸಮ ಆದ್ರೆ ಇಡೀ ಸಂಖ್ಯೆ ಸಮ!"

ಅವನು ಬೆವರೊರೆಸಿಕೊಂಡು ನನ್ನನ್ನೇ ದುರುಗುಟ್ಟಿ ನೋಡಿದ. "ಅಂಗಾದ್ರೆ ಉಳಿದ ಅದಿನೇಳನ್ನ ಯಾಕ್ ಬರುದ್ರಿ ಸಾ?"

೨. ಭಾಗವಾಗದ ಕಾಯಿ

ಚನ್ನರಾಯಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯ ಅಣ್ಣತಮ್ಮಂದಿರಿಬ್ಬರು ಬೇರೆಯಾಗುತ್ತಿದ್ದರು. ಕೊಟ್ಟಿಗೆಯಲ್ಲಿದ್ದ ತೆಂಗಿನಕಾಯಿ ಎಣಿಸಿದರೆ ಹತ್ತು ಸಾವಿರದ ಏಳು. ಆ ಒಂದು ಹೆಚ್ಚಿನ ಕಾಯಿಗಾಗಿ ಮೂರು ದಿನದಿಂದ ಇಬ್ಬರಿಗೂ ಮಾತಿಲ್ಲ. ಮೇಷ್ಟ್ರೇ ಹೇಳಲಿ ಎಂದು ನನ್ನನ್ನು ಕರೆದರು. ನಾನು ಅರ್ಧ ದಿನ ಕೂತು ಭಾಗಿಸಿ ನೋಡಿ, "ಇದು ಅವಿಭಾಜ್ಯ ಸಂಖ್ಯೆ. ಎರಡು, ಮೂರು, ಐದು, ಏಳು, ಯಾವುದರಿಂದಲೂ ಭಾಗ ಹೋಗೋದಿಲ್ಲ" ಎಂದು ತೀರ್ಪು ಕೊಟ್ಟೆ.

ಅವರ ತಾಯಿ ಎದ್ದುಬಂದು ಒಂದು ಕಾಯಿ ಎತ್ತಿಕೊಂಡು ಕಲ್ಲಿಗೆ ಚಚ್ಚಿದರು. "ಇದು ಚಟ್ನಿಗೆ. ಈಗ ಓಯ್ತದಾ ನೋಡಿ ಮೇಷ್ಟ್ರೇ."

೩. ಪರಿಪೂರ್ಣ

ಹೊಳೆನರಸೀಪುರದಲ್ಲಿದ್ದಾಗ ಹಾಸನಕ್ಕೆ ಹೆಣ್ಣು ನೋಡಲು ಹೊರಟೆ. ನಿಲ್ದಾಣದಲ್ಲಿ ಒಳ್ಳೆಯ ಬಸ್ಸೊಂದು ಹೊರಡಲು ಸಿದ್ಧವಾಗಿತ್ತು. ಅದರ ಹಿಂದಿನ ಲಡಕಾಸಿ ಬಸ್ಸಿನ ನಂಬರು ೮೧೨೮! ಅದನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಿದರೆ ಮತ್ತೆ ಅದೇ ೮೧೨೮ ಬರುತ್ತದೆ. ಇಂಥದಕ್ಕೆ ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. ಮೈ ಜುಮ್ಮೆಂದು ಅದಕ್ಕೇ ಹತ್ತಿದೆ. ಸುಮ್ಮನಿರದೆ ಕಂಡಕ್ಟರಿಗೂ ವಿವರಿಸಿದೆ.

ಹರದನಹಳ್ಳಿಯ ಹತ್ತಿರ ಬಸ್ಸು ಕೆಮ್ಮಿ ನಿಂತಿತು.

ಕಂಡಕ್ಟರ್ ಸೀದಾ ನನ್ನ ಬಳಿ ಬಂದ. "ಪರಿಪೂರ್ಣ ಅಂದ್ರಲ್ಲಾ ಸಾ? ಇಳೀರಿ, ತಳ್ಳೋಕೆ ಒಬ್ರು ಕಮ್ಮಿ ಅವ್ರೆ."

ಇಸ್ತ್ರಿ ಮಾಡಿದ ಪಂಚೆಗೆ ಕೆಮ್ಮಣ್ಣು ಬಳಿದುಕೊಂಡು, ಮೂರು ಗಂಟೆ ತಡವಾಗಿ ಹೆಣ್ಣಿನ ಮನೆ ಮುಟ್ಟಿದೆ. ಉಪ್ಪಿಟ್ಟು ತಣ್ಣಗಾಗಿತ್ತು, ಹುಡುಗಿಯ ತಂದೆಯ ಮುಖ ಅದಕ್ಕಿಂತ ತಣ್ಣಗಿತ್ತು. ಸುಳ್ಳು ಹೇಳಲು ಬಾರದೆ ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ಸಂಬಂಧ ಮುರಿಯಿತು ಎಂದುಕೊಂಡು ಏಳುವಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಹುಡುಗಿ ಕೇಳಿದಳು: "ಅದಾದ ಮೇಲಿನ ಪರಿಪೂರ್ಣ ಸಂಖ್ಯೆ ಯಾವುದು?"

"ಮೂರು ಕೋಟಿ ಮೂವತ್ತೈದು ಲಕ್ಷದ ಐವತ್ತು ಸಾವಿರದ ಮುನ್ನೂರ ಮೂವತ್ತಾರು" ಎಂದೆ, ಒಂದೇ ಉಸಿರಿಗೆ.

ಅವಳು ತಂದೆಯ ಕಡೆ ತಿರುಗಿದಳು. "ಒಪ್ಕೊಂಡ್ಬಿಡಿ ಅಪ್ಪಾ. ಸದ್ಯ, ಇವರು ಆ ನಂಬರಿನ ಬಸ್ಸಿಗೆ ಕಾಯ್ತಾ ಕೂರಲಿಲ್ಲವಲ್ಲ!"