ಚಿಕ್ಕಮ್ಮ ಕರೆಂಟ್ ಕಾರು ಮಾರಿದ ಬಗೆ

ಅನಾಹುತ ಶುರುವಾದದ್ದು ಒಂದು ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ಇಷ್ಟು ಕರಾರುವಾಕ್ಕಾಗಿ ಹೇಗೆ ಹೇಳುತ್ತೀರಿ ಎಂದು ಕೇಳಬೇಡಿ. ಕಾರಿನ ಮುಂದಿನ ಪರದೆಯ ಮೇಲೆ ಗಡಿಯಾರವಿತ್ತು. ಅದರಾಚೆ, ಗಾಜಿನ ಹೊರಗೆ, ರಸ್ತೆ ಇರಬೇಕಾದ ಜಾಗದಲ್ಲಿ ಭದ್ರಾ ನಾಲೆಯ ನೀರಿತ್ತು. ಇಂಥ ಹೊತ್ತಿನಲ್ಲಿ ಮನುಷ್ಯ ನೀರನ್ನು ನೋಡಲಾರದೆ ಗಡಿಯಾರ ನೋಡುತ್ತಾನೆ. ಆದರೆ ನಮ್ಮ ಚಿಕ್ಕಮ್ಮನನ್ನು ಕೇಳಿ ನೋಡಿ! "ವ್ಯಾಪಾರ ಕುದುರಿದ್ದು ಹನ್ನೊಂದೂ ಹತ್ತಕ್ಕೆ," ಎನ್ನುತ್ತಾಳೆ. ದಾವಣಗೆರೆ, ಹರಿಹರ ಎರಡೂ ಊರು ಸೇರಿಸಿ ಹುಡುಕಿದರೂ, ನಾಲೆಯ ಮೇಲೆ ತೂಗಾಡುತ್ತ ಬ್ಯಾಟರಿಯ ವಾರಂಟಿ ವಿವರಿಸಿದ ಇನ್ನೊಬ್ಬ ಹೆಂಗಸು ಸಿಗಲಾರಳು. ಗಂಡಸಂತೂ ಸಿಗುವುದೇ ಇಲ್ಲ. ನಾನು ಅಲ್ಲೇ ಇದ್ದೆನಲ್ಲ, ನನಗೆ ಗೊತ್ತು!

ಚಿಕ್ಕಮ್ಮ ಎಂದರೆ ನನ್ನ ಅವ್ವನ ತಂಗಿ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಅವ್ವ, ನಾನು, ನನ್ನ ಹೆಂಡತಿ ಕೆಳಗಿನ ಮನೆ, ಅವಳು ಮಹಡಿಯ ಮನೆ. ಒಂದು ಕಾರ್ ಶೋರೂಮಿನ ವಿಮೆ ನವೀಕರಣದ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೂತು, ಬೇರೆಯವರ ಕಾರುಗಳ ಕಾಗದ ನೋಡಿ ನೋಡಿ ಬೇಸತ್ತು, ಐವತ್ತನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು. ಅದೇ ವರ್ಷ ಶೋರೂಮಿಗೆ ಮೊದಲ ಎಲೆಕ್ಟ್ರಿಕ್ ಕಾರು ಬಂತು. ಮಾರಾಟದ ಹುಡುಗರು ಯಾರೂ ಅದರ ಹತ್ತಿರ ಸುಳಿಯಲಿಲ್ಲ. "ಈ ಊರಾಗೆ ಇದು ಓಡಂಗಿಲ್ಲ ಬಿಡ್ರಿ," ಎಂದರು. ಚಿಕ್ಕಮ್ಮ ಎದ್ದು ನಿಂತು, "ನಾನು ಮಾರ್ತೀನಿ, ಕೊಡ್ರಿ ಇತ್ಲಾಗೆ," ಎಂದಳು.

ಮ್ಯಾನೇಜರು ಒಂದು ಮೂಲೆ ಕೊಟ್ಟರು. ಒಂದು ಕಂಬ, ಒಂದು ನೀರಿನ ಕ್ಯಾನು, ಎರಡರ ನಡುವೆ ಒಂದು ಮೇಜು. ಜೊತೆಗೊಂದು ಶರತ್ತು: ಯುಗಾದಿಯೊಳಗೆ ವ್ಯಾಪಾರ ಕುದುರದಿದ್ದರೆ ಮೂಲೆ ಖಾಲಿ, ಚಿಕ್ಕಮ್ಮ ಮತ್ತೆ ವಿಮೆ ಕೌಂಟರಿಗೆ. "ಮತ್ತೆ ಆ ಕಿಂಡಿ ಹಿಂದೆ ಕುಂತರೆ ನಾನು ಎದ್ದು ಬರಂಗಿಲ್ಲ ಕಣೋ," ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದಳು. ಅವಳು ನಗದೆ ಹೇಳಿದ ಮಾತು ನನಗೆ ನೆನಪಿರುವುದು ಅದೊಂದೇ.

ಮಾರಾಟಕ್ಕೆ ಇಳಿದ ಮೇಲೆ ಚಿಕ್ಕಮ್ಮ ಮಾರುಕಟ್ಟೆ ವಿಶ್ಲೇಷಕಿಯೂ ಆದಳು. ಸ್ಕೂಟರಿನಲ್ಲಿ ಹೋಗುವಾಗ ಕರೆಂಟ್ ಕಾರಿನ ಹಸಿರು ನಂಬರ್ ಪ್ಲೇಟು ಕಂಡರೆ ಹಿಂಬಾಲಿಸಿಕೊಂಡು ಹೋಗಿ, ಕಾರಿನವರನ್ನು ನಿಲ್ಲಿಸಿ, ಯಾವ ಊರು, ಎಲ್ಲಿ ಕೊಂಡಿರಿ ಎಂದು ವಿಚಾರಿಸುತ್ತಿದ್ದಳು. ಒಂದು ತಿಂಗಳು ಒಂದು ಕಾರು ಮಾರಿದಳು, ಮರುತಿಂಗಳು ಎರಡು. "ನೂರಕ್ಕೆ ನೂರು ಏರಿಕೆ!" ಎಂದು ಮನೆಮಂದಿಗೆಲ್ಲ ಬೆಣ್ಣೆ ದೋಸೆ ಕೊಡಿಸಿದಳು. ಅದರ ಮುಂದಿನ ತಿಂಗಳು ಮತ್ತೆ ಒಂದೇ. ಮ್ಯಾನೇಜರು, "ಐವತ್ತು ಪರ್ಸೆಂಟ್ ಕುಸಿತ ಮೇಡಂ," ಎಂದರು. ಚಿಕ್ಕಮ್ಮ, "ಸರ್, ಒಂದು ಕಾರಿನ ವ್ಯತ್ಯಾಸಕ್ಕೆ ಪರ್ಸೆಂಟ್ ಲೆಕ್ಕ ಯಾರಾದ್ರೂ ಹಾಕ್ತಾರೇನ್ರಿ?" ಎಂದು ಮುಖ ತಿರುವಿದಳು.

ಪ್ಲಗ್-ಇನ್ ಹೈಬ್ರಿಡ್ ವಿಷಯದಲ್ಲಂತೂ ಅವಳದು ಇನ್ನೂ ಆಳವಾದ ಅಧ್ಯಯನ. ಪೆಟ್ರೋಲಿಗೂ ಓಡುವ, ಪ್ಲಗ್ಗು ಚುಚ್ಚಿದರೆ ಕರೆಂಟಿಗೂ ಓಡುವ ಅಂಥ ಕಾರು ಅವಳ ಲೆಕ್ಕದಲ್ಲಿ ನಮ್ಮ ಊರಿನಲ್ಲಿ ಇರುವುದು ಒಂದೇ ಒಂದು. ಯಾರೋ ಅಕ್ಕಿ ಗಿರಣಿಯವರು ಎಲ್ಲಿಂದಲೋ ತರಿಸಿದ್ದು. ಅವರು ಅದನ್ನು ಇವತ್ತಿನವರೆಗೂ ಪ್ಲಗ್ಗಿಗೆ ಚುಚ್ಚಿಲ್ಲ. ವೈರು ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಇದೆ. "ಹೈಬ್ರಿಡ್ ಮಾರುಕಟ್ಟೆ ಹೆಂಗೈತೆ ಚಿಕ್ಕಮ್ಮ?" ಎಂದು ನಾನು ಆಗಾಗ ಕೆಣಕುತ್ತಿದ್ದೆ. "ಸ್ಥಿರವಾಗೈತೆ," ಎನ್ನುತ್ತಿದ್ದಳು ಗಂಭೀರವಾಗಿ. ಆ ಕಾರು ರಿಪೇರಿಗೆ ಹೋದ ವಾರ ಮಾತ್ರ, "ಹೈಬ್ರಿಡ್ ಪೂರ್ತಿ ನೆಲ ಕಚ್ಚೈತೆ ನೋಡು!" ಎಂದು ಸಂಭ್ರಮಪಟ್ಟಳು.

ಈ ವ್ಯಾಪಾರದಲ್ಲಿ ನನ್ನ ಪಾತ್ರವೇನು? ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಸಂಜೆ ಟ್ಯೂಷನ್ ಹೇಳುವವನು. ಬೆಳಿಗ್ಗೆ ಬಿಡುವು. ತೂಕ ಎಂಬತ್ತೆಂಟು ಕಿಲೋ. ಇದರಲ್ಲಿ ಚಿಕ್ಕಮ್ಮನಿಗೆ ಉಪಯೋಗಕ್ಕೆ ಬಂದದ್ದು ಕೊನೆಯದು. ನಮ್ಮ ಕಡೆ ಗಿರಾಕಿಗಳು ಮೊದಲು ಕೇಳುವ ಪ್ರಶ್ನೆ, "ಮಂದಿ ಕುಂತ್ರೆ ಎಳಿತೈತೇನ್ರಿ?" ಎಂದು. ಅದಕ್ಕೆ ಉತ್ತರವಾಗಿ ಹಿಂದಿನ ಸೀಟಿನಲ್ಲಿ ನನ್ನನ್ನು ಕೂರಿಸುತ್ತಿದ್ದಳು. "ನೋಡ್ರಿ, ಇವನೇ ಇಬ್ಬರು ಇದ್ದಂಗೆ ಅದಾನೆ. ಎಳಿಯಾಕತ್ತಿಲ್ಲೇನು?" ಸ್ನಾತಕೋತ್ತರ ಪದವೀಧರನಿಗೆ ಇದಕ್ಕಿಂತ ಹೆಚ್ಚಿನ ಗೌರವ ಬೇಕೆ!

ಒಮ್ಮೆ ಮಂಡಕ್ಕಿ ಭಟ್ಟಿಯ ಸಾಹೇಬರೊಬ್ಬರು ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕಾ, ತೂಕದ್ದು ಪರವಾ ಇಲ್ಲ. ನಮ್ಮ ಮಾಲಿಗೆ ತೂಕಾನೇ ಇಲ್ಲ, ಜಾಗಾ ಹೋನಾ, ಜಾಗಾ ಬೇಕ್ರಿ. ಇವರನ್ನ ಇಳಿಸ್ರಿ, ಚೀಲ ಹಾಕಿ ನೋಡಾಣ," ಎಂದರು. ನನ್ನ ಜಾಗಕ್ಕೆ ಆರು ಚೀಲ ಮಂಡಕ್ಕಿ ಏರಿತು. ಅವತ್ತು ನಾನು ನಡೆದುಕೊಂಡು ಮನೆಗೆ ಬಂದೆ. ಸಾಹೇಬರು ಕಾರು ಕೊಳ್ಳಲಿಲ್ಲ. ಒಂದು ಚೀಲ ಮಂಡಕ್ಕಿ ಮಾತ್ರ ಬಿಟ್ಟುಹೋದರು.

ಹೀಗೆ ಯುಗಾದಿ ಹತ್ತಿರ ಬಂತು, ಮೂಲೆ ಖಾಲಿಯಾಗುವ ದಿನವೂ ಹತ್ತಿರವಾಯಿತು. ಆಗ ಸಿಕ್ಕವರು ಹರಿಹರದ ಕಡೆಯ ಕೊಕ್ಕನೂರಿನ ಗೌಡರು. ಅವರು ಬರೀ ಗಿರಾಕಿಯಲ್ಲ, ಒಂದು ಇಡೀ ಮಾರುಕಟ್ಟೆ! ಅವರು ಯಾವ ಪಂಪು ಕೂರಿಸುತ್ತಾರೋ ಊರು ಅದನ್ನೇ ಕೂರಿಸುತ್ತದೆ, ಯಾವ ಟಿ.ವಿ. ತರುತ್ತಾರೋ ಊರು ಅದನ್ನೇ ನೋಡುತ್ತದೆ. ಗೌಡರು ಹೂಂ ಅಂದರೆ ಮೂಲೆ ಉಳಿಯಿತು, ಊಹೂಂ ಅಂದರೆ ಚಿಕ್ಕಮ್ಮ ಕಿಂಡಿಯ ಹಿಂದೆ.

ಹೆದ್ದಾರಿಯಲ್ಲಿ ಓಡಿಸಿ ತೋರಿಸುತ್ತೇವೆಂದರೆ ಗೌಡರು ಒಪ್ಪಲಿಲ್ಲ. "ಹೈವೇದಾಗೆ ಎಮ್ಮೆ ಸೈತ ಓಡ್ತೈತ್ರಿ. ನಮ್ಮ ನಾಲೆ ಏರಿ ಮ್ಯಾಲೆ ಓಡ್ಬೇಕು. ನಾನೇ ಓಡಿಸ್ಬೇಕು." ಸರಿ, ಕೊಕ್ಕನೂರಿಗೆ ಹೋದೆವು. ಚಿಕ್ಕಮ್ಮ ಏರಿಯ ಮೇಲೆ ಕಾರನ್ನು ಅರ್ಧ ತಿರುಗಿಸಿ, ಮೂತಿ ನಾಲೆಯ ಕಡೆಗಿರುವಾಗಲೇ ನಿಲ್ಲಿಸಿ, ಸ್ಟೇರಿಂಗನ್ನು ಗೌಡರಿಗೆ ಬಿಟ್ಟುಕೊಟ್ಟು ಪಕ್ಕದ ಸೀಟಿಗೆ ಹೋದಳು. ಹಿಂದೆ ನಾನು. "ಬ್ರೇಕ್ ಒತ್ತಿ ಹಿಡೀರಿ," ಎಂದು ಹೇಳಿ, ತಾನೇ ಗುಂಡಿ ತಿರುಗಿಸಿ ಗೇರಿಗೆ ಹಾಕಿದಳು.

"ಸ್ಟಾರ್ಟ್ ಮಾಡ್ರಿ," ಎಂದರು ಗೌಡರು.

"ಆಗೈತ್ರಿ ಗೌಡ್ರೇ."

"ಎಲ್ಲಿ ಆಗೈತೆ? ಸದ್ದೇ ಇಲ್ಲ."

"ಸದ್ದು ಬರಂಗಿಲ್ರಿ. ಅದೇ ಇದರ ಗುಣ."

ಗೌಡರು ತಲೆಯಾಡಿಸಿದರು. ತಲೆ ಒಪ್ಪಿತು, ಕಾಲು ಒಪ್ಪಲಿಲ್ಲ! ಅದು ಮೂವತ್ತು ವರ್ಷ ಒಂದೇ ಡೀಸೆಲ್ ಜೀಪು ಓಡಿಸಿದ ಕಾಲು. ಹೊರಡುವ ಮೊದಲು ಎಕ್ಸಿಲೇಟರ್ ತುಳಿದು ಜೀಪನ್ನು 'ಗುರ್ರ್' ಅನ್ನಿಸಬೇಕು, ಗುರ್ರ್ ಅಂದ ಮೇಲೆ ಮುಂದಿನ ಮಾತು. ಆ ಕಾಲು ಬ್ರೇಕಿನಿಂದ ಇಳಿದು, ತಾನಾಗಿ ಎಕ್ಸಿಲೇಟರ್ ಹುಡುಕಿ, ತುಳಿಯಿತು. ಗುರ್ರ್ ಬರಲಿಲ್ಲ. ಇನ್ನಷ್ಟು ತುಳಿಯಿತು. ಆಗಲೂ ಬರಲಿಲ್ಲ. ಪೂರ್ತಿ ತುಳಿಯಿತು.

ಕಾರು ನೆಗೆಯಿತು. ಒಂದು ಚೂರೂ ಸದ್ದಿಲ್ಲದೆ ಏರಿಯ ಅಂಚಿಗೆ ಹೋಗಿ, ಅಲ್ಲಿದ್ದ ದಿಬ್ಬಕ್ಕೆ ಹೊಟ್ಟೆ ಕಚ್ಚಿ ನಿಂತಿತು. ಮುಂದಿನ ಎರಡು ಚಕ್ರ ನಾಲೆಯ ಮೇಲೆ, ಗಾಳಿಯಲ್ಲಿ. ಕೆಳಗೆ ಭತ್ತಕ್ಕೆ ಬಿಟ್ಟ ನೀರು ದಡ ತುಂಬ ಹರಿಯುತ್ತಿತ್ತು.

ಭೌತಶಾಸ್ತ್ರ ಓದಿದ್ದರ ಪ್ರಯೋಜನ ನನಗೆ ಅವತ್ತು ತಿಳಿಯಿತು. ಬೇರೆಯವರು ಸುಮ್ಮನೆ ಹೆದರುತ್ತಾರೆ, ನಾವು ಸೂತ್ರಸಮೇತ ಹೆದರುತ್ತೇವೆ! ದಿಬ್ಬದ ಆಚೆ ಇಬ್ಬರು, ಈಚೆ ನಾನೊಬ್ಬ. ಕಾರು ಮೆಲ್ಲಗೆ ನೀರಿನ ಕಡೆ ತಲೆ ಬಾಗಿಸಿತು.

"ಹಿಂದಕ್ಕೆ ಒರಗೋ!" ಚಿಕ್ಕಮ್ಮ ಕೂಗಿದಳು.

"ಒರಗೀನಿ!"

"ಇನ್ನೂ ಹಿಂದಕ್ಕೆ!"

"ಇನ್ನೂ ಹಿಂದಕ್ಕೆ ಡಿಕ್ಕಿ ಐತೆ!"

ಕಾರು ತಲೆಯನ್ನು ಅರ್ಧಕ್ಕೆ ಎತ್ತಿ ನಿಂತಿತು. ಮುಂದಿನ ಚಕ್ರಗಳು ಇನ್ನೂ ಗಾಳಿಯಲ್ಲಿ ಗಿರಗಿರನೆ ತಿರುಗುತ್ತಿದ್ದವು, ಏಕೆಂದರೆ ಗೌಡರ ಕಾಲು ಇನ್ನೂ ಅಲ್ಲೇ ಇತ್ತು. ಅವರು ಚಿಕ್ಕಮ್ಮನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದರು: "ಇನ್ನೂ ಸ್ಟಾರ್ಟ್ ಆಗಿಲ್ಲೇನ್ರಿ?"

ಚಿಕ್ಕಮ್ಮ ಕಾರು ಆಫ್ ಮಾಡಿದಳು. ಆಮೇಲೆ, ನಂಬಿ, ಸೀರೆಯ ಸೆರಗು ಸರಿಮಾಡಿಕೊಂಡು ಶುರು ಮಾಡಿದಳು. "ಗೌಡ್ರೇ, ಅಲುಗಾಡಬ್ಯಾಡ್ರಿ. ಹಂಗೇ ಒಂದು ಗಮನಿಸ್ರಿ. ಬ್ಯಾಟರಿ ಪೂರಾ ತಳದಾಗೈತೆ, ಅದಕ್ಕೇ ನಾವು ಪಲ್ಟಿ ಹೊಡೆದಿಲ್ಲ. ನಿಮ್ಮ ಜೀಪಾಗಿದ್ರೆ ಇಷ್ಟೊತ್ತಿಗೆ ನೀರಿನಾಗೆ ಇರ್ತಿದ್ವಿ."

"ಹೌದಲ್ರಿ!" ಎಂದರು ಗೌಡರು.

"ಬ್ಯಾಟರಿಗೆ ಎಂಟು ವರ್ಷ ವಾರಂಟಿ ಐತ್ರಿ."

"ಚಿಕ್ಕಮ್ಮಾ, ನಮಗೆ ಎಂಟು ನಿಮಿಷದ ವಾರಂಟಿ ಇಲ್ಲ!" ಎಂದು ನಾನು ಚೀರಿದೆ.

"ಗಿರಾಕಿ ಮುಂದೆ ಹಂಗೆಲ್ಲ ಮಾತಾಡಬ್ಯಾಡ."

ಏರಿಯ ಕೆಳಗಿನ ಗದ್ದೆಯಲ್ಲಿ ಹೆಂಗಸರು ಭತ್ತದ ನಾಟಿ ಮಾಡುತ್ತಿದ್ದರು. "ಏ ಯವ್ವಾ, ಕಾರು ನೀರು ಕುಡಿಯಾಕೆ ಬಂದೈತೆ ನೋಡ್ರೇ!" ಎಂದು ಒಬ್ಬಳು ಕೂಗಿದ್ದೇ ತಡ, ಎಲ್ಲರೂ ಓಡಿಬಂದು ಕಾರಿನ ಹಿಂಭಾಗಕ್ಕೆ ಜೋತುಬಿದ್ದರು. ಕೆಸರುಗೈ, ಜಾರುತ್ತಿತ್ತು. ಆದರೂ ಬಿಡಲಿಲ್ಲ. ಗೌಡರು ಸೀಟುಗಳ ಸಂದಿಯಲ್ಲಿ ತೂರಿ, ನನ್ನ ತೊಡೆಯ ಮೇಲೆ ಹಾದು, ಹಿಂದಿನ ಬಾಗಿಲಿನಿಂದ ಇಳಿದರು. ಚಿಕ್ಕಮ್ಮನೂ ಹಾಗೇ ಹಿಂದಕ್ಕೆ ಬಂದು ಇಳಿಯತೊಡಗಿದಳು. ಇನ್ನೊಂದು ಬಾಗಿಲಿನಿಂದ ನಾನೂ ಕಾಲು ಹೊರಗಿಟ್ಟೆ. ಕಾರು ಮತ್ತೆ ತಲೆ ಬಾಗಿಸಿತು. "ನೀ ಇಳೀಬ್ಯಾಡಪ್ಪಾ!" ಎಂದು ಇಡೀ ಕೊಕ್ಕನೂರು ಒಂದೇ ಬಾಯಲ್ಲಿ ಹೇಳಿತು.

ಚಿಕ್ಕಮ್ಮನ ಒಂದು ಕಾಲು ಆಗಲೇ ನೆಲದ ಮೇಲಿತ್ತು. ಅವಳು ನನ್ನನ್ನು ನೋಡಿದಳು. ಆ ಕಾಲನ್ನು ಎತ್ತಿ ಮತ್ತೆ ಒಳಗೆ ಬಂದು, ನನ್ನ ಪಕ್ಕ ಕೂತು, ಬಾಗಿಲು ಹಾಕಿಕೊಂಡಳು. "ಶೋರೂಮಿನ ಗಾಡಿ. ಸ್ಟಾಫ್ ಒಬ್ಬರು ಒಳಗಿರ್ಬೇಕು, ರೂಲ್ಸ್ ಐತೆ." ಅಂಥ ರೂಲ್ಸು ಯಾವ ಶೋರೂಮಿನಲ್ಲೂ ಇಲ್ಲವೆಂದು ನನಗೆ ಆಮೇಲೆ ತಿಳಿಯಿತು. ಟ್ರ್ಯಾಕ್ಟರು ಬಂದು, ಹಗ್ಗ ಬಿಗಿದು, ನಮ್ಮನ್ನು ಏರಿಗೆ ಎಳೆದು ಹಾಕುವವರೆಗೂ ಅವಳು ಚಾರ್ಜಿಂಗ್ ಬಗ್ಗೆ ಮಾತಾಡುತ್ತಲೇ ಇದ್ದಳು.

ಕಾರಿನ ತಳ ತರಚಿತ್ತು, ಅಷ್ಟೇ. ಚಿಕ್ಕಮ್ಮ ಬಗ್ಗಿ ನೋಡಿ, ಸ್ಟೇರಿಂಗ್ ಹಿಡಿದು, ಏರಿಯ ಮೇಲೆ ಮೆಲ್ಲಗೆ ಓಡಿಸಿದಳು. ಓಡಿತು! ನಾಟಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಅವರನ್ನೆಲ್ಲ ಸರದಿಯ ಮೇಲೆ ಕೂರಿಸಿಕೊಂಡು ಒಂದೊಂದು ಸುತ್ತು ಹೊಡೆಸಿದಳು, ಸೀಟಿನ ತುಂಬ ಕೆಸರು. ಗೌಡರು ಮೀಸೆ ಸವರಿಕೊಂಡು ತೀರ್ಪು ಕೊಟ್ಟರು: "ನಾನು ಅದನ್ನ ಮುಳುಗಿಸಾಕೆ ಹೋದೆ. ಅದು ನನ್ನ ಮುಳುಗಿಸಲಿಲ್ಲ. ಬುಕ್ ಮಾಡ್ರಿ."

ಶೋರೂಮಿನಲ್ಲಿ ಮ್ಯಾನೇಜರು ಕೆಸರು ಕಂಡು ಕೆಂಡವಾದರು. "ಯುಗಾದಿ ತನಕ ಕಾಯೋದು ಬ್ಯಾಡ ಮೇಡಂ. ನಾಳೆಯಿಂದಲೇ ವಿಮೆ ಕೌಂಟರ್!" ಚಿಕ್ಕಮ್ಮ ಅವತ್ತು ಮನೆಗೆ ಬಂದು ನೆಟ್ಟಗೆ ಮಹಡಿ ಹತ್ತಿದಳು. ಮರುದಿನ ಅವಳು ಆ ಕಿಂಡಿಯ ಹಿಂದೆ ಕೂರುವುದಕ್ಕೂ, ಟ್ರ್ಯಾಕ್ಟರಿನ ತುಂಬ ಕೊಕ್ಕನೂರಿನವರು ಬಂದಿಳಿಯುವುದಕ್ಕೂ ಸರಿಹೋಯಿತು. ಮುಂದೆ ಗೌಡರು. "ನಾಲೆಗೆ ಬೀಳದ ಕಾರಿನ ಅಮ್ಮಾರು ಎಲ್ಲಿ? ಅವರಿಲ್ದಿದ್ರೆ ನಾವು ಹೊಂಟ್ವಿ," ಎಂದರು. ಆ ವಾರವೇ ಗುತ್ತೂರಿನಿಂದ ಒಬ್ಬ ಫ್ಯಾಕ್ಟರಿ ಸೂಪರ್‌ವೈಸರು, ಹರಿಹರದಿಂದ ಒಬ್ಬ ಬಟ್ಟೆ ಅಂಗಡಿಯವರು, ಎಲ್ಲರೂ ಅದೇ ಕಥೆ ಕೇಳಿಕೊಂಡು ಬಂದವರು. ಮಂಡಕ್ಕಿ ಸಾಹೇಬರೂ ತಿರುಗಿ ಬಂದರು! ಮ್ಯಾನೇಜರು ಚಿಕ್ಕಮ್ಮನ ಮೇಜನ್ನು ತಾವೇ ಒಂದು ಕಡೆ ಹಿಡಿದು ಮುಂದಿನ ಗಾಜಿನ ಹತ್ತಿರ ಹಾಕಿಸಿದರು. ತಿಂಗಳ ವರದಿಯಲ್ಲಿ ಚಿಕ್ಕಮ್ಮ ಬರೆದಳು: "ಮಾರಾಟ ನಾನೂರು ಪರ್ಸೆಂಟ್ ಏರಿಕೆ. ಕಾರಣ: ನೀರಾವರಿ."

ಎಲ್ಲರೂ ಗೆದ್ದರು, ನನ್ನ ಕಾಲೊಂದನ್ನು ಬಿಟ್ಟು. ಅದು ರಾತ್ರಿಯೆಲ್ಲ ಬ್ರೇಕು ಹುಡುಕುತ್ತಿತ್ತು. "ಮಂಚಕ್ಕೆ ಬ್ರೇಕ್ ಇಲ್ಲ ಕಣ್ರಿ, ಮಲಕ್ಕಳ್ರಿ," ಎನ್ನುತ್ತಿದ್ದಳು ಹೆಂಡತಿ. ಬಚ್ಚಲಲ್ಲಿ ಬಕೆಟ್ಟಿಗೆ ನೀರು ಬೀಳುವ ಸದ್ದಾದರೂ ಸಾಕು, ಹಿಂದಕ್ಕೆ ಒರಗುತ್ತಿದ್ದೆ. ಚಿಕ್ಕಮ್ಮ ಮಾತ್ರ, "ಥೂ, ಹೆದರುಪುಕ್ಕಲ! ನಾನು ನೋಡು, ತಲೆ ಇಟ್ಟರೆ ಗೊರಕೆ," ಎಂದು ಊರ ತುಂಬ ಹೇಳಿಕೊಂಡು ತಿರುಗಿದಳು. ಸಾಲದ್ದಕ್ಕೆ, ಟೆಸ್ಟ್ ಡ್ರೈವಿಗೆ ನನ್ನನ್ನು ಕರೆಯುವುದನ್ನೂ ಬಿಟ್ಟಳು. ಹಿಂದಿನ ಸೀಟಿನಲ್ಲಿ ಮೂರು ಮೂಟೆ ಅಕ್ಕಿ ಇಟ್ಟುಕೊಂಡಳು. ಯಾಕೆಂದು ಕೇಳಿದರೆ, "ಅವು ಚೀರಂಗಿಲ್ಲ," ಎಂದಳು.

ಗೌಡರ ಕಾರು ಬಂದಾಗ ಮಾತ್ರ, ತಲುಪಿಸಲು ನನ್ನನ್ನೂ ಕರೆದುಕೊಂಡು ಹೋದಳು. ಊರವರ ಮುಂದೆ ಗೌಡರು ಮೇಷ್ಟರಂತೆ ಪಾಠ ಹೇಳಿದರು: "ಸದ್ದು ಬರಲಿಲ್ಲ ಅಂದ್ರೆ ಸ್ಟಾರ್ಟ್ ಆಗೈತೆ ಅಂತ ತಿಳಕಳ್ರಿ." ಹಾರ, ಕಾಯಿ, ಹೋಳಿಗೆ ಎಲ್ಲ ಆಯಿತು. ಕಾರು ಅಲ್ಲೇ ಉಳಿಯಿತಲ್ಲ, ನಾವು ಹರಿಹರದ ಮೇಲೆ ದಾವಣಗೆರೆಗೆ ಹೋಗುವ ಬಸ್ಸು ಹತ್ತಿದೆವು.

ಬಸ್ಸು ಸ್ವಲ್ಪ ದೂರ ನಾಲೆಯ ಪಕ್ಕದಲ್ಲೇ ಹೋಗುತ್ತದೆ. ಚಿಕ್ಕಮ್ಮ ಕಿಟಕಿಯಿಂದ ಮುಖ ಈಚೆಗೆ ತಿರುಗಿಸಿಕೊಂಡಳು.

"ರಾತ್ರಿ ನಿದ್ದೆ ಬರ್ತೈತೇನೋ ನಿನಗೆ?"

"ಬರ್ತೈತೆ," ಎಂದೆ.

"ಸುಳ್ಳು. ನಿಮ್ಮ ರೂಮಿನ ಬೆಳಕು ಅಂಗಳದಾಗೆ ಬಿದ್ದಿರ್ತೈತೆ. ನಾನು ದಿನಾ ನೋಡ್ತೀನಿ."

"ನೀನ್ಯಾಕ ಎದ್ದಿರ್ತಿ ಚಿಕ್ಕಮ್ಮ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು: "ಕಣ್ಣು ಮುಚ್ಚಿದ್ರೆ ನೀನು ಹಿಂದಿನ ಸೀಟಿನಾಗೆ ಒಬ್ಬನೇ ಕುಂತಿರ್ತಿ. ನಾನು ಇಳಿದಿರ್ತೀನಿ. ಅಕ್ಕಗೆ ಹೋಗಿ ಏನಂತ ಹೇಳ್ಲಿ ಅಂತ ಯೋಚನೆ ಮಾಡ್ತಿರ್ತೀನಿ. ಬೆಳಗಾದರೂ ಮಾತು ಸಿಗಂಗಿಲ್ಲ ಕಣೋ."

"ನೀನು ಇಳಿದಿರಲಿಲ್ಲ. ಒಳಗೆ ಬಂದಿ," ಎಂದೆ.

"ಬಂದೆನಾ?"

"ಬಂದಿ. ಬಾಗಿಲೂ ಹಾಕಿದಿ."

"ಹೌದಲ್ಲ," ಎಂದಳು. ಹರಿಹರ ಬರುವ ಮೊದಲೇ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋದಳು. ಬಸ್ಸಿನ ಆರ್ಭಟಕ್ಕೂ ಏಳಲಿಲ್ಲ, ಕಂಡಕ್ಟರು ಟಿಕೆಟ್ ಕೇಳಿದರೂ ಏಳಲಿಲ್ಲ. ದಾವಣಗೆರೆಯಲ್ಲಿ ನಾನೇ ಎಬ್ಬಿಸಿ ಇಳಿಸಿದೆ.

ಅವತ್ತು ರಾತ್ರಿ ಊಟವಾದೊಡನೆ ಮಹಡಿಯ ದೀಪ ಆರಿತು, ನಾನು ಅಂಗಳದಲ್ಲಿ ನಿಂತು ನೋಡಿದೆ. ಒಳಗೆ ಬಂದು ನಮ್ಮದನ್ನೂ ಆರಿಸಿದೆ. ಬೆಳಿಗ್ಗೆ ಹಾಲಿನವನು ಬೆಲ್ಲು ಒತ್ತಿ ಒತ್ತಿ ಸಾಕಾಗಿ, ಕೆಳಗಿನ ಮನೆಯದೂ ಮೇಲಿನ ಮನೆಯದೂ ಹಾಲನ್ನು ಗೇಟಿಗೆ ತಗುಲಿಸಿ ಹೋಗಿದ್ದ.