ಸಮುದ್ರ ಕಲಸುವ ಕೆಲಸ

ನಾನು ಬಕೆಟ್ಟಿನಲ್ಲಿ ಸಮುದ್ರ ಕಲಸಿ ಬದುಕುವವಳು. ಸಮುದ್ರವೇ ಇಲ್ಲದ ಬೆಂಗಳೂರಿನಲ್ಲಿ ಇಂಥ ಕೆಲಸ ಹಿಡಿದರೆ ನಗುವ ಪ್ರಸಂಗಗಳಿಗೆ ಕಾಯಬೇಕಾಗಿಲ್ಲ, ವಾರಕ್ಕೊಂದಾದರೂ ತಾನಾಗಿಯೇ ಎದುರಾಗುತ್ತದೆ.

ಮೊದಲು ಪೀಣ್ಯದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುತ್ತಿದ್ದೆ. ಆ ಲ್ಯಾಬು ಮುಚ್ಚಿತು. ಗೊತ್ತಿದ್ದ ವಿದ್ಯೆ ನೀರೊಂದೇ ಆದ್ದರಿಂದ ಜನರ ಅಕ್ವೇರಿಯಂ ನೋಡಿಕೊಳ್ಳತೊಡಗಿದೆ. ಅದೂ ಸಮುದ್ರದ ಮೀನು, ಜೀವಂತ ಹವಳ ಇರುವಂಥವು. ಶುದ್ಧ ನೀರಿಗೆ ಅದಕ್ಕೆಂದೇ ಬರುವ ಉಪ್ಪಿನ ಪುಡಿ ಬೆರೆಸಿ, ಹದ ನೋಡಿ, ವಾರಕ್ಕೊಮ್ಮೆ ಸ್ವಲ್ಪ ಹಳೇ ನೀರು ತೆಗೆದು ಹೊಸದು ತುಂಬಬೇಕು. ಕೇಳಲು ಸುಲಭ.

೧. ಗೇಟಿನ ಪರೀಕ್ಷೆ

ಎಲೆಕ್ಟ್ರಾನಿಕ್ ಸಿಟಿಯ ಒಂದು ಆಫೀಸಿನ ರಿಸೆಪ್ಷನ್ನಿನಲ್ಲಿ ದೊಡ್ಡ ಟ್ಯಾಂಕಿದೆ. ಮೊದಲ ದಿನ ನಾನು ಬಕೆಟ್ ತುಂಬ ಬಿಳಿ ಪುಡಿ ಹೊತ್ತುಕೊಂಡು ಹೋದಾಗ ಗೇಟಿನ ಸೆಕ್ಯುರಿಟಿಯವರು ತಡೆದರು. ಯಾದಗಿರಿ ಕಡೆಯವರು, ಹೆಬ್ಬಗೋಡಿಯಲ್ಲಿ ಬಾಡಿಗೆ ರೂಮು.

"ಇದೇನು ಪುಡಿ ಅದರಿ ಮೇಡಂ?"

"ಉಪ್ಪು."

"ಇಷ್ಟು ಉಪ್ಪು ಯಾರಿಗ್ರಿ?"

"ಮೀನಿಗೆ."

ಅವರು ನನ್ನ ಮುಖ ನೋಡಿದರು, ಬಕೆಟ್ ನೋಡಿದರು. "ಒಂದ್ ಚೂರು ಬಾಯಾಗ ಹಾಕ್ಕೊಂಡು ತೋರಸ್ರಿ," ಅಂದರು.

ಬೇರೆ ದಾರಿ ಇರಲಿಲ್ಲ. ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡೆ. ಅಡುಗೆ ಉಪ್ಪಿನ ಹಾಗಲ್ಲ ಅದು, ಕಹಿಯೂ ಸೇರಿರುತ್ತದೆ; ಮುಖ ಕಿವುಚಿತು.

"ಉಪ್ಪೇ ಅದ ಬಿಡ್ರಿ," ಎಂದು ಗೇಟು ತೆಗೆದರು. "ಬ್ಯಾರೆ ಪುಡಿ ತಿಂದೋರ ಮುಖ ಇಷ್ಟು ಕೆಡಂಗಿಲ್ಲ."

೨. ವರ್ತೂರಿನ ಅಜ್ಜಿ

ಉಪ್ಪು ನೀರು ಕಲಸಿ ಡ್ರಮ್ಮುಗಳಲ್ಲಿ ಇಡಲು ವರ್ತೂರಿನಲ್ಲಿ ಒಂದು ರೂಮು ಹಿಡಿದಿದ್ದೇನೆ. ಓನರ್ ಒಬ್ಬ ಅಜ್ಜಿ. ಒಂದು ಕಾಲಕ್ಕೆ ಅಲ್ಲಿ ಅವರ ಹೊಲ ಇತ್ತು, ಈಗ ಸಾಲು ಮನೆಗಳಿವೆ. ಡ್ರಮ್ಮಿನಲ್ಲಿ ಮೋಟಾರು ತಿರುಗುವುದನ್ನು ಬಾಗಿಲಲ್ಲಿ ಕೂತು ನೋಡುವುದು ಅವರಿಗೆ ಇಷ್ಟ.

"ಅಲ್ಲ ಕಣಮ್ಮಿ, ನಮ್ ಕೆರೇಲಿ ಮೀನು ಇಡೀತಿದ್ವಿ. ಒಂದಿಡಿ ಉಪ್ಪು ಆಕಿದೋರಿಲ್ಲ. ಅಂಗೇ ಬೆಳೀತಿದ್ವು."

"ಅದು ಸಿಹಿನೀರು ಅಜ್ಜಿ. ಇವು ಸಮುದ್ರದ್ದು. ವಾರ ವಾರ ನೀರು ನೋಡದಿದ್ರೆ ಸತ್ತೋಗ್ತವೆ."

ಅಜ್ಜಿ ರಸ್ತೆಯತ್ತ ತಿರುಗಿದರು. ರಸ್ತೆಯಾಚೆ ಕೊಳಚೆ ತುಂಬಿದ ಕೆರೆಯ ನೊರೆಯ ವಾಸನೆ ಗಾಳಿಯಲ್ಲಿ ಬರುತ್ತಿತ್ತು. ಆಮೇಲೆ ನನ್ನ ಡ್ರಮ್ಮನ್ನು ಅಳತೆ ಹಾಕುವ ಹಾಗೆ ನೋಡಿ ಕೇಳಿದರು: "ನಮ್ ಕೆರೆ ನೀರು ಬದಲಾಯ್ಸಕ್ಕೆ ಇಂಥವು ಎಷ್ಟು ಬೇಕಾಯ್ತವೆ?"

೩. ಒಳ್ಳೇ ಉಪ್ಪು

ಎಲೆಕ್ಟ್ರಾನಿಕ್ ಸಿಟಿಯ ಆ ಆಫೀಸಿನ ಆಡಳಿತ ನೋಡಿಕೊಳ್ಳುವ ಮ್ಯಾನೇಜರ್ ಕೆಟ್ಟವರಲ್ಲ. ಊಟ ಮುಗಿಸಿ ಟ್ಯಾಂಕಿನ ಮುಂದೆ ಹತ್ತು ನಿಮಿಷ ಸುಮ್ಮನೆ ನಿಲ್ಲುವವರು ಅಲ್ಲಿ ಅವರೊಬ್ಬರೇ. ಆ ಪ್ರೀತಿಯೇ ಎಡವಟ್ಟಾಯಿತು. ತಂಗಿಯ ಬಾಣಂತನಕ್ಕೆಂದು ನಾನು ಎರಡು ವಾರ ತುಮಕೂರಿಗೆ ಹೋಗಿದ್ದಾಗ ಯಾವುದೋ ವಿಡಿಯೊ ನೋಡಿ, ಹವಳ ಬೇಗ ಬೆಳೆಯುತ್ತದೆ ಎಂದು ಬೇರೆ ಉಪ್ಪು ತರಿಸಿ, ಹೌಸ್‌ಕೀಪಿಂಗ್ ಅಕ್ಕನ ಕೈಯಲ್ಲಿ ಅರ್ಧ ಟ್ಯಾಂಕಿನ ನೀರು ಬದಲಾಯಿಸಿಬಿಟ್ಟಿದ್ದರು.

ಉಪ್ಪು ಕೆಟ್ಟದ್ದೇನಲ್ಲ. ಹವಳ ತನ್ನ ಗಟ್ಟಿ ಮೈ ಕಟ್ಟಿಕೊಳ್ಳಲು ಬೇಕಾದ ಸುಣ್ಣ, ಕ್ಷಾರ ಅದರಲ್ಲಿ ಜಾಸ್ತಿ. ಟ್ಯಾಂಕಿನ ತುಂಬ ಹವಳ ಇದ್ದರೆ ಸರಿ. ನಮ್ಮಲ್ಲಿ ಇದ್ದದ್ದು ನಾಲ್ಕು. ನಾಲ್ಕು ಜನಕ್ಕೆ ಮದುವೆಮನೆಯ ಅಡುಗೆಯನ್ನೆಲ್ಲ ಬಡಿಸಿದ ಹಾಗಾಗಿತ್ತು. ಹೆಬ್ಬೆರಳಿನಷ್ಟಿದ್ದಾಗ ನಾನು ತಂದು, ಮೂರು ವರ್ಷದಲ್ಲಿ ಅಂಗೈಯಷ್ಟು ಬೆಳೆಸಿದ್ದ ಕವಲು ಹವಳದ ತುದಿಗಳು ಸುಟ್ಟ ಹಾಗೆ ಬೆಳ್ಳಗಾಗಿದ್ದವು.

"ನನ್ನಿಂದಾನೇ ಆಯ್ತು ಅಲ್ವಾ ಮೇಡಂ?" ಮ್ಯಾನೇಜರ್ ಮೆಲ್ಲಗೆ ಕೇಳಿದರು.

"ಹೌದು ಸಾರ್. ಆದ್ರೆ ಪೂರ್ತಿ ಹೋಗಿಲ್ಲ. ಹಳೇ ಉಪ್ಪಿಗೇ ವಾಪಸ್ ಬರೋಣ. ದಿನಾ ಸ್ವಲ್ಪ ಸ್ವಲ್ಪ ನೀರು ಬದಲಾಯಿಸ್ತೀನಿ. ಒಂದೇ ಸಲ ಕ್ಷಾರ ಇಳಿಸಿದ್ರೆ ಅದಕ್ಕೂ ಏಟು. ಒಂದು ತಿಂಗಳಾದ್ರೂ ಬೇಕು."

"ಸೋಮವಾರ ಹೊರದೇಶದಿಂದ ಕ್ಲೈಂಟ್ ಬರ್ತಿದ್ದಾರೆ." ಅವರು ಯೋಚನೆ ಮಾಡಿದರು. "ಇನ್ನೂ ಇಬ್ಬರನ್ನ ಈ ಕೆಲಸಕ್ಕೆ ಹಾಕಿದ್ರೆ?"

"ಹಾಕಿ ಸಾರ್," ಅಂದೆ. "ತಿಂಗಳು ಕಾಯೋಕೆ ನನಗೂ ಜೊತೆ ಆಗತ್ತೆ."

೪. ನಿನ್ನೆಯ ಸಾರು

ಪುಣ್ಯಕ್ಕೆ ಕ್ಲೈಂಟ್ ಬರುವುದು ಮುಂದಕ್ಕೆ ಹೋಯಿತು. ಆದರೆ ಎರಡನೇ ವಾರ ಒಂದು ದಿನ ನೋಡಿದರೆ ಟ್ಯಾಂಕಿನ ಉಪ್ಪಿನಂಶ ಏರಿ ಕೂತಿದೆ. ವಿಚಾರಿಸಿದೆ. ಏಸಿ ಗಾಳಿಗೆ ನೀರು ಆರಿ ಮಟ್ಟ ಇಳಿದಿತ್ತು. ಮ್ಯಾನೇಜರ್ ನಾನು ಕಲಸಿಟ್ಟಿದ್ದ ಉಪ್ಪುನೀರನ್ನೇ ತುಂಬಿಸಿದ್ದರು. ನೀರು ಹೋದರೆ ಉಪ್ಪೂ ಹೋಗಿರುತ್ತದೆ ಅನ್ನುವುದು ಅವರ ಲೆಕ್ಕ. ಆವಿ, ಸಾಂದ್ರತೆ ಅಂತ ನಾನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದೆ. ಅಲ್ಲಿದ್ದ ಮೂವರು ಇಂಜಿನಿಯರುಗಳು ತಲೆಯಾಡಿಸಿ ನೀರಿನ ಜೊತೆ ಉಪ್ಪೂ ಹೋಗಲ್ವಾ ಎಂದು ಮತ್ತೆ ಕೇಳಿದರು.

ನೆಲ ಒರೆಸುತ್ತಿದ್ದ ಹೌಸ್‌ಕೀಪಿಂಗ್ ಅಕ್ಕ ಸೊಂಟ ನೆಟ್ಟಗೆ ಮಾಡಿಕೊಂಡು ಹೇಳಿದಳು: "ಸಾರ್, ನಿನ್ನೆ ಸಾರು ಇವತ್ತು ಕುದಿಸಿ ಕುದಿಸಿ ಬತ್ತಿಸಿದ್ರೆ ಉಪ್ಪುಪ್ಪು ಆಗಲ್ವಾ? ಆಗ ಬರೀ ನೀರು ಹಾಕ್ತೀವಾ, ಇಲ್ಲ ಇನ್ನೊಂದಷ್ಟು ಉಪ್ಪು ನೀರು ಹಾಕ್ತೀವಾ?"

ಮ್ಯಾನೇಜರ್ ಪೆನ್ನು ತೆಗೆದು ಬರೆದುಕೊಂಡರು. ಮರುದಿನ ಹೋದಾಗ ಟ್ಯಾಂಕಿನ ಪಕ್ಕ ಲ್ಯಾಮಿನೇಟ್ ಮಾಡಿದ ಹಾಳೆ ಅಂಟಿಸಿದ್ದರು. ಇಂಗ್ಲಿಷಿನಲ್ಲಿ ದೊಡ್ಡಕ್ಷರದ ತಲೆಬರಹ: "ಯೆಸ್ಟರ್‌ಡೇಸ್ ಸಾರು ಪ್ರೋಟೋಕಾಲ್."

೫. ಯಾರ ನೀರು

ಅದೇ ದಿನಗಳಲ್ಲಿ ಗೇಟಿನ ಸೆಕ್ಯುರಿಟಿಯವರು ಒಂದು ಬಾಟಲಿ ಹಿಡಿದುಕೊಂಡು ಬಂದರು. ನಾನು ನೀರಿನಲ್ಲಿ ಅದ್ದಿ, ಕರಗಿದ ಲವಣ ಎಷ್ಟಿದೆ ಎಂದು ನೋಡುವ ಟಿಡಿಎಸ್ ಮೀಟರನ್ನು ಅವರು ಬಹಳ ದಿನದಿಂದ ಗಮನಿಸಿದ್ದರಂತೆ. "ನಮ್ ರೂಮಿನ ಬೋರ್ ನೀರರಿ. ಅನ್ನ ಹಳದಿ ಆಗ್ತದ. ಸ್ವಲ್ಪ ನೋಡ್ರಿ."

ಮೊದಲು ಉಪ್ಪು ಬೆರೆಸುವ ಮುಂಚಿನ ಮೀನಿನ ನೀರಿಗೆ ಅದ್ದಿದೆ. ಎರಡು ಎಂದು ತೋರಿಸಿತು. ಅವರ ಬಾಟಲಿಗೆ ಅದ್ದಿದೆ. ನಾಲ್ಕು ಅಂಕಿಯ ಸಂಖ್ಯೆ ಬಂತು. ಅವರು ಎರಡನ್ನೂ ಓದಿಕೊಂಡರು. ನನಗೆ ತಲೆಯೆತ್ತಲು ಆಗಲಿಲ್ಲ. ಮೀನಿಗೆ ಇಷ್ಟು ಮಾಡುವ ನಾನು ಈ ಮನುಷ್ಯನ ಮುಂದೆಯೇ ದಿನಾ ಓಡಾಡಿದ್ದೆ.

ಮ್ಯಾನೇಜರಿಗೆ ಹೇಳಿದೆ. ಅವರು ಅಂಕಿ ನೋಡಿದವರೇ, ಟ್ಯಾಂಕಿಗೆ ಬೇಕಾದ ಶುದ್ಧ ನೀರು ಸೋಸುವ ಫಿಲ್ಟರಿನಿಂದ ದಿನಾ ಒಂದು ಕ್ಯಾನು ತುಂಬಿಕೊಂಡು ಹೋಗಲಿ ಅಂದರು. ನಾನೇ ಹೋಗಿ ತಿಳಿಸಿದೆ, "ರುಚಿ ಸಪ್ಪೆ ಇರತ್ತೆ ಅಣ್ಣಾ."

"ಅಡ್ಡಿಯಿಲ್ರಿ ಮೇಡಂ," ಅಂದರು. "ಉಪ್ಪು ನಾವು ಹಾಕ್ಕೊಂತೀವಿ."

೬. ಅತಿಥಿಗಳು

ಕವಲು ಹವಳದ ಒಂದು ಕೊಂಬೆ ಸತ್ತಿತು. ಉಳಿದವುಗಳ ತುದಿಯಲ್ಲಿ ಐದನೇ ವಾರಕ್ಕೆ ನೇರಳೆ ಬಣ್ಣ ಮರಳಿತು. ಮ್ಯಾನೇಜರ್ ಅದನ್ನು ಕನ್ನಡಕ ತೆಗೆದು, ಹಾಕಿ, ಎರಡು ಸಲ ನೋಡಿದರು. ಹೌಸ್‌ಕೀಪಿಂಗ್ ಅಕ್ಕ ಗಾಜನ್ನು ಫಳಫಳ ಒರೆಸಿದಳು.

ಕ್ಲೈಂಟ್ ಬಂದೇಬಿಟ್ಟರು. ದೊಡ್ಡ ಮನುಷ್ಯ ಟ್ಯಾಂಕಿನ ಮುಂದೆ ನಿಂತರು, ಬಗ್ಗಿದರು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದರು. ನಾವು ಮೂವರೂ ಗಿಡದ ಕುಂಡದ ಪಕ್ಕ ಉಸಿರು ಬಿಗಿಹಿಡಿದು ನಿಂತಿದ್ದೆವು.

"ಅದ್ಭುತ," ಅಂದರು ಅವರು ಇಂಗ್ಲಿಷಿನಲ್ಲಿ. "ಪ್ಲಾಸ್ಟಿಕ್ಕಿನಲ್ಲಿ ಹವಳಾನ ಇಷ್ಟು ನಿಜದ ಹಾಗೆ ಮಾಡ್ತಾರೆ ಅಂತ ಗೊತ್ತಿರಲಿಲ್ಲ. ಒಳ್ಳೇದಾಯ್ತು. ಏನೂ ರಗಳೆ ಇಲ್ಲ."

ಮ್ಯಾನೇಜರ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

"ಹೌದು ಸಾರ್," ಅಂದರು ಮ್ಯಾನೇಜರ್, ಮುಖದ ಒಂದು ಗೆರೆಯೂ ಅಲುಗದೆ. "ಆಗಾಗ ಒಂದು ಚೂರು ಉಪ್ಪು ಹಾಕಿದ್ರೆ ಸಾಕು."